ಎಡೆಕುಂಟೆ ಮಾಡಿಸೋ ಮುಂಚೆ: ನೊಗ, ಕುಡ, ಸಾಲಿನ ಅಳತೆಯ ಲೆಕ್ಕ

ಮುಂಗಾರಿ ಬಿತ್ತಿಗೆ ಮುಗಿದು ಹದಿನೈದು ಇಪ್ಪತ್ತು ದಿನ ಆಯ್ತು ಅಂದ್ರೆ ಹಾವೇರಿ ಜಿಲ್ಲೆಯಲ್ಲಿ ಎರಡು ಕಡೆ ಜನ ಕೂಡ್ತಾರೆ. ಒಂದು ಗೊಬ್ಬರದ ಅಂಗಡಿ ಮುಂದೆ, ಇನ್ನೊಂದು ಕಂಬಾರರ ಕುಲುಮೆ ಇಲ್ಲವೇ ವೆಲ್ಡಿಂಗ್ ಅಂಗಡಿ ಮುಂದೆ. ಗೋವಿನಜೋಳ, ಹತ್ತಿ, ಸೋಯಾ, ಶೇಂಗಾ ಯಾವುದೇ ಇರಲಿ, ಮೊದಲ ನಲವತ್ತು ದಿನದೊಳಗೆ ಕಸ ಹಿಡಿತಕ್ಕೆ ಬರದಿದ್ದರೆ ಹಾಕಿದ ಗೊಬ್ಬರ ಕಸಕ್ಕೇ ಹಾಕಿದಂಗೆ. ಆಳು ಹಚ್ಚಿ ಕಸ ತೆಗೆಸೋದು ದುಬಾರಿ, ಅದೇ ವಾರ ಎಲ್ಲರಿಗೂ ಆಳು ಬೇಕಾಗಿರೋದ್ರಿಂದ ಸಿಗೋದೂ ಕಷ್ಟ. ಕಳೆನಾಶಕ ಹೊಡೆಯೋಣ ಅಂದ್ರೆ ಗೋವಿನಜೋಳದ ನಡುವೆ ತೊಗರಿಯೋ ಅಲಸಂದಿಯೋ ಅಕ್ಕಡಿ ಹಾಕಿದವರಿಗೆ ಅದು ಆಗಿಬರಲ್ಲ. ಗೋವಿನಜೋಳಕ್ಕೆ ಹೊಡೆಯೋ ಅಟ್ರಾಜಿನ್ ದ್ವಿದಳ ಬೆಳೆಯನ್ನ ಸುಡುತ್ತೆ. ಹಿಂಗಾಗಿ ಎತ್ತು ಇಟ್ಟುಕೊಂಡವರಿಗೆ ಎಡೆಕುಂಟೆ ಈಗಲೂ ಬೇಕು.

ಆದ್ರೆ ಈಗ ಅಂಗಡಿಯಲ್ಲಿ ಸಿಗೋ ಕಬ್ಬಿಣದ ಎಡೆಕುಂಟೆ ಬಹಳಷ್ಟು ಒಂದೇ ಅಳತೆಯವು. ತಂದು ಹೂಡಿದ ಮೇಲೆ ಒಂದೋ ಸಾಲಿನ ಪಕ್ಕ ಕಸ ಉಳಿಯುತ್ತೆ, ಇಲ್ಲ ಬೆಳೆಯೇ ಕೊಯ್ಯುತ್ತೆ. ಎತ್ತು ಸರಿ ನಡೆಯಲಿಲ್ಲ ಅಂತ ಬೈತೀವಿ. ತಪ್ಪು ಎತ್ತಿಂದಲ್ಲ, ಅಳತೆದು. ಮಾಡಿಸೋರಿಗೂ ಮಾಡಿಕೊಡೋರಿಗೂ ಉಪಯೋಗ ಆಗಲಿ ಅಂತ ಈ ಬರಹ.

ಬಿತ್ತಿಗೆ ಟ್ರ್ಯಾಕ್ಟರಿಂದು, ಎಡೆ ಎತ್ತಿಂದು

ಮೊದಲು ಕೂರಿಗೆ, ಕುಂಟೆ, ಎಡೆಕುಂಟೆ ಮೂರನ್ನೂ ಒಬ್ಬರೇ ಬಡಿಗೇರರು ಮಾಡ್ತಿದ್ದರು. ಕೂರಿಗೆ ತಾಳಿನ ಅಂತರ ಎಷ್ಟು ಗೇಣು ಇಟ್ಟಿದ್ದಾರೆ ಅನ್ನೋದು ಅವರಿಗೇ ಗೊತ್ತಿರ್ತಿತ್ತು, ಅದೇ ಅಳತೆಗೆ ಎಡೆಕುಂಟೆಯ ಕುಡ ಕೂಡ್ರಿಸ್ತಿದ್ದರು. ಕೂರಿಗೆಗೂ ಎಡೆಕುಂಟೆಗೂ ತಾಯಿ ಮಕ್ಕಳ ಸಂಬಂಧ. ಇದು ಬಹಳ ಹಳೇ ಪದ್ಧತಿ. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಕೂರಿಗೆ, ಕುಂಟೆಗಳ ಬಗ್ಗೆ ಬರೆದಿಟ್ಟಿದ್ದಾನೆ. ಇಂಗ್ಲೆಂಡಿನಲ್ಲಿ ಜೆಥ್ರೊ ಟಲ್ ಅನ್ನೋನು ಸಾಲಿನಲ್ಲಿ ಬಿತ್ತಿ ಕುದುರೆಯಿಂದ ಎಡೆ ಹೊಡೀರಿ ಅಂತ ಪುಸ್ತಕ ಬರೆದದ್ದು 1731ರಲ್ಲಿ. ಅಲ್ಲಿಯವರು ಕೈಯಿಂದ ಬೀಜ ಎರಚೋದು ಬಿಡೋಕೆ ಅದಾದ ಮೇಲೂ ಬಹಳ ವರ್ಷ ಹಿಡೀತು.

ಈಗ ಬಿತ್ತೋದು ಟ್ರ್ಯಾಕ್ಟರ್ ಕೂರಿಗೆ. ಬಾಡಿಗೆಗೆ ಬಂದವನು ಹಿಂದಿನ ಊರಲ್ಲಿ ಇಟ್ಟಿದ್ದ ಅಂತರದಲ್ಲೇ ನಿಮ್ಮ ಹೊಲಾನೂ ಬಿತ್ತಿ ಹೋಗ್ತಾನೆ. ಅದಕ್ಕೆ ಎಡೆಕುಂಟೆ ಸುಧಾರಣೆ ಶುರುವಾಗಬೇಕಾದದ್ದು ಬಿತ್ತೋ ದಿನ. ಟ್ರ್ಯಾಕ್ಟರ್ ಹೊಲಕ್ಕೆ ಇಳಿಯೋ ಮುಂಚೆ ಟೇಪ್ ಹಿಡಿದು ತಾಳಿನ ಅಂತರ ಅಳೀರಿ. ಸಾಮಾನ್ಯವಾಗಿ ಗೋವಿನಜೋಳಕ್ಕೆ 60 ಸೆಂ.ಮೀ., ಬಿಳಿಜೋಳಕ್ಕೆ 45, ಶೇಂಗಾ ಮತ್ತು ಸೋಯಾಕ್ಕೆ 30. ಹತ್ತಿ ತಳಿ ಮೇಲೆ 60ರಿಂದ 90 ಅಥವಾ ಇನ್ನೂ ಹೆಚ್ಚು. ಬಿತ್ತಿದ ಅಂತರವನ್ನ ಮನೆ ಗೋಡೆ ಮೇಲೆ ಬರೆದಿಟ್ಟುಕೊಂಡ್ರೂ ಆಯ್ತು, ಎಡೆಕುಂಟೆ ಮಾಡಿಸೋಕೆ ಹೋದಾಗ ಬೇಕಾಗೋದು ಅದೇ.

ನೊಗದ ಲೆಕ್ಕ

ಇದನ್ನ ಅಂಗಡಿಯವರು ಯಾರೂ ಕೇಳಲ್ಲ, ಆದ್ರೆ ಅರ್ಧ ತೊಂದರೆ ಇಲ್ಲೇ ಇರುತ್ತೆ. ಎಡೆ ಹೊಡೆಯುವಾಗ ಎತ್ತು ಎರಡು ಸಾಲಿನ ನಡುವಿನ ಎಡೆಯಲ್ಲೇ ನಡೀಬೇಕು, ಸಾಲಿನ ಮೇಲಲ್ಲ. ಹಂಗಾಗಬೇಕಾದ್ರೆ ಒಂದು ಎತ್ತಿನ ಕೊರಳ ನಡುವಿನಿಂದ ಇನ್ನೊಂದರ ಕೊರಳ ನಡುವಿನ ತನಕ ಇರೋ ದೂರ ಸಾಲಿನ ಅಂತರದಿಂದ ಸರಿಯಾಗಿ ಭಾಗ ಹೋಗಬೇಕು.

60 ಸೆಂ.ಮೀ. ಸಾಲಿನ ಗೋವಿನಜೋಳ ತಗೊಳ್ಳಿ. ಎತ್ತುಗಳ ನಡುವೆ 120 ಸೆಂ.ಮೀ. ಇಟ್ಟರೆ ಎಡಗಡೆ ಎತ್ತು ಒಂದು ಎಡೆಯಲ್ಲಿ, ಬಲಗಡೆದು ಮೂರನೇ ಎಡೆಯಲ್ಲಿ, ಕುಂಟೆ ಸರಿಯಾಗಿ ನಡುವಿನ ಎಡೆಯಲ್ಲಿ ಬರುತ್ತೆ. ಅದೇ 120ರ ನೊಗ 30 ಸೆಂ.ಮೀ. ಶೇಂಗಾಕ್ಕೂ ಹೊಂದುತ್ತೆ, ಯಾಕಂದ್ರೆ 120 ಅನ್ನೋದು ನಾಲ್ಕು ಮೂವತ್ತು. ಆದ್ರೆ 45ರ ಬಿಳಿಜೋಳಕ್ಕೆ ಅದನ್ನೇ ಹೂಡಿದ್ರೆ ಒಂದು ಎತ್ತಾದ್ರೂ ಬೆಳೆ ತುಳಿಯೋದು ಖಾತ್ರಿ. ಅದಕ್ಕೆ 90 ಬೇಕು. ಹಿರಿಯರು ಬಿತ್ತೋಕೆ ಒಂದು ನೊಗ, ಎಡೆಗೆ ಇನ್ನೊಂದು ನೊಗ ಅಂತ ಇಟ್ಟುಕೊಂಡಿದ್ದು ಸುಮ್ಮನೆ ಅಲ್ಲ.

ಈಗ ಎರಡು ನೊಗ ಮಾಡಿಸೋ ಮರವೂ ಇಲ್ಲ, ಬಡಿಗೇರರೂ ಕಡಿಮೆ. ಸುಲಭದ ದಾರಿ ಅಂದ್ರೆ ಒಂದೇ ಉದ್ದನೆ ನೊಗಕ್ಕೆ ಕೊರಳಗೂಟದ ತೂತುಗಳನ್ನ ಎರಡು ಮೂರು ಜಾಗದಲ್ಲಿ ಕೊರೆಸೋದು. 90, 120, 180 ಮೂರು ಅಳತೆಗೆ ತೂತು ಇದ್ರೆ ನಮ್ಮ ಜಿಲ್ಲೆಯ ಬಹುತೇಕ ಬೆಳೆ ಮುಗಿದಂಗೆ. ತೂತು ಕೊರೆಯುವಾಗ ನಡುವಿನ ಗುರುತಿನಿಂದ ಎರಡೂ ಕಡೆ ಸಮ ಅಳೀಬೇಕು. ಎರಡು ಬೆರಳು ಹೆಚ್ಚು ಕಡಿಮೆ ಆದ್ರೆ ಭಾರ ಒಂದೇ ಎತ್ತಿಗೆ ಬಿದ್ದು, ಕುಂಟೆ ದಿನವಿಡೀ ಒಂದು ಕಡೆಗೇ ಜಗ್ಗುತ್ತೆ.

180 ಯಾಕೆ ಅಂದ್ರೆ, ಒಂದೇ ಸಲ ಎರಡು ಎಡೆ ಹೊಡೆಯೋ ಕುಂಟೆಗೆ. ಆಗ ಈಸು ಎಡೆಯ ಮೇಲೆ ಬರಲ್ಲ, ಸಾಲಿನ ನೆತ್ತಿ ಮೇಲೆ ಬರುತ್ತೆ. ಕುಡಗಳು ಸಾಲಿನ ಆಕಡೆ ಈಕಡೆ ಹೋಗ್ತಾವೆ. 60ರ ಸಾಲಿಗೆ 120ರ ನೊಗ ಹಾಕಿದ್ರೆ ಈಸು ಎಡೆಯಲ್ಲಿ ಬಂದು ಎಲ್ಲ ತಪ್ಪುತ್ತೆ. ನೆನಪಿಡೋ ಲೆಕ್ಕ ಇಷ್ಟೇ: ಒಂದು ಅಥವಾ ಮೂರು ಎಡೆ ಹೊಡೆಯೋದಾದ್ರೆ ನೊಗದ ಅಳತೆ ಸಾಲಿನ ಅಂತರದ ಎರಡರಷ್ಟು ಅಥವಾ ನಾಲ್ಕರಷ್ಟು. ಎರಡು ಎಡೆ ಹೊಡೆಯೋದಾದ್ರೆ ಮೂರರಷ್ಟು.

ಒಂದು ಕುಡವೋ, ಮೂರು ಕುಡವೋ

ಒಂದು ಎಕರೆ ಅಂದ್ರೆ ಹೆಚ್ಚೂ ಕಡಿಮೆ 4047 ಚದರ ಮೀಟರ್. 60 ಸೆಂ.ಮೀ. ಸಾಲಾದ್ರೆ ಒಂದೊಂದೇ ಎಡೆ ಹೊಡೆಯೋಕೆ ಎತ್ತು ಆರೂಮುಕ್ಕಾಲು ಕಿಲೋಮೀಟರ್ ನಡೀಬೇಕು. 30ರ ಸಾಲಾದ್ರೆ ಹದಿಮೂರೂವರೆ. ಎತ್ತಿನ ನಡಿಗೆ ಗಂಟೆಗೆ ಎರಡೂವರೆ ಕಿಲೋಮೀಟರ್ ಹಿಡಿದ್ರೂ, ಬದುವಿನಲ್ಲಿ ತಿರುಗಿಸೋದು ಬಿಟ್ಟು, ಶೇಂಗಾಕ್ಕೆ ಎಕರೆಗೆ ಐದೂವರೆ ತಾಸು ಬೇಕು. ಮಳೆ ಬಿಟ್ಟುಕೊಟ್ಟ ನಾಲ್ಕು ದಿನದಲ್ಲಿ ಐದಾರು ಎಕರೆ ಮುಗಿಸಬೇಕಾದವರಿಗೆ ಇದು ಆಗದ ಮಾತು. ಅದಕ್ಕೇ ನಮ್ಮಲ್ಲಿ ಒಂದು ಜೋಡಿ ಎತ್ತಿಗೆ ಎರಡು ಮೂರು ಎಡೆಕುಂಟೆ ಕಟ್ಟಿ, ಒಂದೊಂದಕ್ಕೆ ಒಬ್ಬೊಬ್ಬರು ಮೇಣಿ ಹಿಡಿಯೋ ಪದ್ಧತಿ ಇದೆ. ಕೆಲಸ ಬೇಗ ಆಗುತ್ತೆ, ಆದ್ರೆ ಮನೆಯಲ್ಲಿ ಅಷ್ಟು ಜನ ಎಲ್ಲಿದ್ದಾರೆ ಈಗ? ಮಕ್ಕಳು ಹುಬ್ಬಳ್ಳಿ, ಬೆಂಗಳೂರು ಸೇರಿದ್ದಾರೆ.

ಹಿಂಗಾಗಿ ಒಬ್ಬರೇ ಹಿಡಿಯೋ ಎರಡು ಮೂರು ಕುಡದ ಕಬ್ಬಿಣದ ಎಡೆಕುಂಟೆಗೆ ಬೇಡಿಕೆ. ಇದರಲ್ಲಿ ಒಂದು ಸೂಕ್ಷ್ಮ ಇದೆ. ಕೂರಿಗೆ ಒಂದು ಸಲ ಹೋಗಿ ಬಂದಾಗ ಅದರ ತಾಳುಗಳ ನಡುವಿನ ಅಂತರ ಕಬ್ಬಿಣದಲ್ಲೇ ಬೆಸೆದಿರುತ್ತೆ, ತಪ್ಪಲ್ಲ. ಆದ್ರೆ ಈ ಸಲದ ಕೊನೇ ಸಾಲಿಗೂ ಮುಂದಿನ ಸಲದ ಮೊದಲ ಸಾಲಿಗೂ ನಡುವೆ ಬರೋ ಎಡೆ ಡ್ರೈವರ್ ಕೈಚಳಕದ ಮೇಲೆ ಇರುತ್ತೆ. ಒಂದು ಕಡೆ 50, ಇನ್ನೊಂದು ಕಡೆ 75. ಒಂದೇ ಕುಡ ಇದ್ದರೆ ಮೇಣಿ ಹಿಡಿದವರು ಕೈಯಲ್ಲೇ ಸಂಭಾಳಿಸ್ತಾರೆ. ಚೌಕಟ್ಟಿಗೆ ಬಿಗಿದ ಮೂರು ಕುಡಕ್ಕೆ ಕಣ್ಣಿಲ್ಲ, ಈ ಕೂಡು ಎಡೆ ಮೇಲೆ ಅಡ್ಡ ಬಂತು ಅಂದ್ರೆ ಉದ್ದಕ್ಕೂ ಒಂದು ಸಾಲು ಬೆಳೆ ಹೋಯ್ತು.

ಪರಿಹಾರ ಲೆಕ್ಕದಲ್ಲೇ ಇದೆ. ಒಂಬತ್ತು ತಾಳಿನ ಕೂರಿಗೆಯಲ್ಲಿ ಬಿತ್ತಿದ್ರೆ ಮೂರು ಸಾಲು ಹಿಡಿಯೋ ಎಡೆಕುಂಟೆ ಮಾಡಿಸಿ. ಮೂರು ಮೂರರಂತೆ ಮೂರು ಸಲಕ್ಕೆ ಒಂಬತ್ತು ಸಾಲು ಸರಿಯಾಗಿ ಮುಗೀತವೆ, ಕುಂಟೆ ಎಲ್ಲೂ ಕೂಡು ಎಡೆ ದಾಟಲ್ಲ. ಎರಡು ಸಾಲಿನ ಕುಂಟೆ ಆದ್ರೆ ಒಂಬತ್ತಕ್ಕೆ ಹೊಂದಲ್ಲ, ಒಂದಿಲ್ಲೊಂದು ಕಡೆ ಅಡ್ಡ ಬಂದೇ ಬರುತ್ತೆ. ಮೂರು ಸಾಲಿನದರಲ್ಲಿ ಒಳಗಿನ ಎರಡು ಎಡೆಗೆ ಪೂರ್ತಿ ಕುಡ, ಹೊರಗಿನ ಎರಡು ಎಡೆಗೆ ಅರ್ಧ ಕುಡ. ಉಳಿದ ಅರ್ಧ ಪಕ್ಕದ ಸಲಕ್ಕೆ ಆಗುತ್ತೆ. ಇದಕ್ಕೂ ಈಸು ನಡುವಿನ ಸಾಲಿನ ಮೇಲೆ ಬರೋದ್ರಿಂದ ನೊಗದ ಅಳತೆ ಮೂರರಷ್ಟು, 60ರ ಸಾಲಿಗೆ 180.

ಚೌಕಟ್ಟಿಗೆ ತಾಳನ್ನ ವೆಲ್ಡಿಂಗ್ ಮಾಡಿ ಕೂಡ್ರಿಸಬೇಡಿ ಅಂತ ವೆಲ್ಡಿಂಗ್ ಅಂಗಡಿಯವರಿಗೆ ನನ್ನ ವಿನಂತಿ. ಚೌಕ ಪೈಪಿನ ದಿಂಡು ಮಾಡಿ, ತಾಳನ್ನ ಬೋಲ್ಟಿನ ಹಿಡಿಕೆಯಿಂದ ಬಿಗಿದ್ರೆ 30ಕ್ಕೂ 45ಕ್ಕೂ 60ಕ್ಕೂ ಸರಿಸಬಹುದು. ಎಲ್ಲ ಬೋಲ್ಟಿಗೂ ಒಂದೇ ಪಾನಾ ಹತ್ತೋ ಹಂಗೆ ನೋಡಿಕೊಳ್ಳಿ. ಹೊಲದಲ್ಲಿ ನಿಂತು ಮೂರು ನಂಬರಿನ ಪಾನಾ ಹುಡುಕೋರು ಯಾರೂ ಇಲ್ಲ.

ಕುಡ: ಅಗಲ, ಆಕಾರ, ಉಕ್ಕು

ಮೊದಲ ಎಡೆಗೆ ಸಾಲಿನ ಎರಡೂ ಪಕ್ಕ ನಾಲ್ಕು ಬೆರಳು, ಅಂದ್ರೆ ಏಳೆಂಟು ಸೆಂ.ಮೀ. ಬಿಟ್ಟರೆ ಸಾಕು. ಹಂಗಂದ್ರೆ 60ರ ಸಾಲಿಗೆ ಕುಡ 45 ಸೆಂ.ಮೀ., 30ರ ಸಾಲಿಗೆ 15. ಎರಡನೇ ಎಡೆ ಹೊತ್ತಿಗೆ ಬೇರು ಪಕ್ಕಕ್ಕೆ ಹರಡಿರುತ್ತೆ, ಆಗ ಸಣ್ಣ ಕುಡ ಬೇಕು. ಆಳ ಎರಡು ಮೂರು ಬೆರಳು ಸಾಕು. ಆಳ ಹೋದಷ್ಟು ಒಳ್ಳೇದು ಅಂತ ತಿಳಿದವರು ಕಸದ ಜೊತೆ ಬೆಳೆಯ ಬೇರನ್ನೂ ಕೊಯ್ದು, ಮೇಲಿಂದ ಒಳಗಿನ ಹಸಿ ಮಣ್ಣನ್ನ ಬಿಸಿಲಿಗೆ ಹಾಕ್ತಾರೆ.

45 ಸೆಂ.ಮೀ. ಅಗಲದ ನೇರ ಕುಡ ಎರೆಹೊಲದಲ್ಲಿ ಕಷ್ಟ. ಹಸಿ ಇದ್ರೆ ಕಸ, ಮಣ್ಣು ಎರಡೂ ಕುಡಕ್ಕೆ ಅಡ್ಡಲಾಗಿ ಸಿಕ್ಕಿ ಗುಡ್ಡೆ ಆಗುತ್ತೆ, ಹತ್ತು ಮಾರಿಗೊಮ್ಮೆ ಎತ್ತಿ ಒದರಬೇಕು. ಅದೇ ಬಾತುಕೋಳಿ ಪಾದದಂಗೆ ಮುಂದೆ ಚೂಪು, ಹಿಂದೆ ಅಗಲ ಇರೋ ಕುಡದಲ್ಲಿ ಕಸ ಅಂಚಿನ ಗುಂಟ ಜಾರಿ ಹೋಗುತ್ತೆ. ನೇರ ಕುಡ ದೂಡುತ್ತೆ, ಇದು ಕುಡಗೋಲಿನಂಗೆ ಕೊಯ್ಯುತ್ತೆ. 45ರ ಒಂದು ನೇರ ಕುಡದ ಬದಲು 25ರ ಎರಡು ಪಾದದ ಕುಡ, ಒಂದು ಮುಂದೆ ಒಂದು ಹಿಂದೆ, ಅಂಚು ಐದು ಸೆಂ.ಮೀ. ಒಂದರ ಮೇಲೊಂದು ಬರೋ ಹಂಗೆ ಕೂಡ್ರಿಸಿದ್ರೆ ನಡುವೆ ಕಸ ತಪ್ಪಿಸಿಕೊಳ್ಳಲ್ಲ. ಮಸಾರಿ ಹೊಲದಲ್ಲಿ ಹಳೇ ನೇರ ಕುಡವೇ ಆದೀತು, ಅದಕ್ಕೆ ದುಡ್ಡು ಹಾಕೋದು ಬೇಡ.

ಒಂದು ಮಾತು ಮುಚ್ಚಿಡಬಾರದು. ಜೇಕು ಮತ್ತು ಕರಿಕೆಗೆ ಯಾವ ಕುಡವೂ ಪೂರ್ತಿ ಮದ್ದಲ್ಲ. ಜೇಕಿನ ಗಡ್ಡೆ ಕುಡ ಹೋಗೋ ಆಳಕ್ಕಿಂತ ಕೆಳಗಿರುತ್ತೆ, ವಾರದಲ್ಲಿ ಮತ್ತೆ ಚಿಗುರುತ್ತೆ. ಕರಿಕೆಯ ತುಂಡು ತುಂಡಿಗೂ ಬೇರು ಬಿಡುತ್ತೆ. ಹೊಸ ಎಡೆಕುಂಟೆ ಮಾರೋರು ಇವೂ ಹೋಗ್ತವೆ ಅಂದ್ರೆ ನಂಬಬೇಡಿ.

ಉಕ್ಕಿನ ವಿಷಯ. ಹಾರ್ಡ್‌ವೇರ್ ಅಂಗಡಿಯ ಸಾದಾ ಪಟ್ಟಿ ಬಾಗುತ್ತೆ, ಮೊನೆ ಬೇಗ ಸವೆಯುತ್ತೆ. ನಮ್ಮ ಕಂಬಾರರು ಮೊದಲಿಂದಲೂ ಲಾರಿಯ ಹಳೇ ಸ್ಪ್ರಿಂಗ್ ಪಾಟಾ ಬಳಸೋದು ಇದಕ್ಕೇ. ಅದರಲ್ಲಿ ಇಂಗಾಲ ಹೆಚ್ಚು, ಹದ ಹಿಡಿಯುತ್ತೆ. ಸಾದಾ ಕಬ್ಬಿಣವನ್ನ ಪಾಟಾ ಅಂತ ಕೊಟ್ಟರೆ ಗುರುತಿಸೋದು ಹೆಂಗೆ? ಗ್ರೈಂಡಿಂಗ್ ಕಲ್ಲಿಗೆ ಹಿಡಿದು ಕಿಡಿ ನೋಡಿ. ಸಾದಾ ಕಬ್ಬಿಣದ ಕಿಡಿ ಉದ್ದಕ್ಕೆ ಗೆರೆಯಂಗೆ ಹೋಗುತ್ತೆ, ಒಡೆಯೋದು ಕಡಿಮೆ. ಪಾಟಾದ ಕಿಡಿ ಸುರುಸುರುಬತ್ತಿಯಂಗೆ ತುದಿಯಲ್ಲಿ ಒಡೆದು ಹೂವಾಗುತ್ತೆ. ಎರಡನ್ನೂ ಪಕ್ಕಪಕ್ಕ ಹಿಡಿದ್ರೆ ಮಕ್ಕಳೂ ಹೇಳ್ತಾರೆ.

ಹದ ಹಾಕೋದೂ ಅಷ್ಟೇ ಮುಖ್ಯ. ಕೆಂಪಗೆ ಕಾದ ಪಾಟಾ ಕುಡವನ್ನ ಒಮ್ಮೆಲೇ ತಣ್ಣೀರಿಗೆ ಅದ್ದಿದ್ರೆ ಕಣ್ಣಿಗೆ ಕಾಣದ ಬಿರುಕು ಬಿಟ್ಟು, ಮೊದಲ ಕಲ್ಲಿಗೇ ಪಟ್ಟಂತ ಮುರಿಯಬಹುದು. ಎಣ್ಣೆಯಲ್ಲಿ ಅದ್ದಿ, ಆಮೇಲೆ ಮತ್ತೆ ಸ್ವಲ್ಪ ಕಾಯಿಸಿ ಗಡಸು ಇಳಿಸೋದು ಸರಿಯಾದ ಕ್ರಮ. ಗ್ಯಾರೇಜಿನ ಹಳೇ ಎಂಜಿನ್ ಆಯಿಲ್ ಬಳಸೋರು ಇದ್ದಾರೆ, ಬೆಂಕಿ ಹತ್ತೋ ಭಯ ಇರೋದ್ರಿಂದ ಬಯಲಲ್ಲಿ, ಮುಚ್ಚಳ ಪಕ್ಕಕ್ಕೇ ಇಟ್ಟುಕೊಂಡು ಮಾಡಬೇಕು.

ಹೊಲಕ್ಕೆ ತಕ್ಕ ಸಾಮಾನು ಊರಲ್ಲೇ ಹುಟ್ಟಬಹುದು ಅನ್ನೋದಕ್ಕೆ ದೂರ ಹೋಗಬೇಕಿಲ್ಲ. ಧಾರವಾಡ ಜಿಲ್ಲೆ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ಬಿತ್ತೋ ಕೂರಿಗೆ, ಕುಡ ತಯಾರಿಸೋ ಯಂತ್ರ ಎಲ್ಲ ಮಾಡಿದವರು. 2022ರಲ್ಲಿ ಪದ್ಮಶ್ರೀ ಬಂತು.

ಆಳ ಹಿಡಿಯೋದು

ಕುಂಟೆ ಆಳ ಹೋಗ್ತಿದೆ ಅಂತ ಮೇಣಿ ಎತ್ತಿ ಹಿಡಿಯೋದು, ಮೇಲೆ ತೇಲ್ತಿದೆ ಅಂತ ಕಾಲಿಟ್ಟು ಒತ್ತೋದು, ಎರಡೂ ರಟ್ಟೆ ಬೀಳೋ ಕೆಲಸ. ಆಳ ತೀರ್ಮಾನ ಆಗೋದು ಈಸಿನ ಓರೆಯಲ್ಲಿ. ನೊಗವನ್ನ ಈಸಿನ ತುದಿಗೆ ಕಟ್ಟಿದ್ರೆ ಈಸು ಮಲಗುತ್ತೆ, ಕುಡದ ಮೊನೆ ಕೆಳಗೆ ಮುಖ ಮಾಡಿ ಆಳ ಹೋಗುತ್ತೆ. ನೊಗವನ್ನ ಕುಂಟೆ ಕಡೆ ಹಿಂದಕ್ಕೆ ಕಟ್ಟಿದ್ರೆ ಈಸು ನೆಟ್ಟಗಾಗಿ ಮೊನೆ ಏಳುತ್ತೆ. ಮಿಣಿ ಕಟ್ಟೋಕೆ ಈಸಿಗೆ ನಾಲ್ಕು ಬೆರಳಿಗೊಂದರಂತೆ ಐದಾರು ತೂತು ಇದ್ರೆ ಕೆಲಸ ಮುಗೀತು. ಎತ್ತಿನ ಎತ್ತರ ಬದಲಾದ್ರೆ ಇದೂ ಬದಲಾಗುತ್ತೆ. ಕಿಲಾರಿ ಜೋಡಿಗೆ ಹೊಂದಿದ ಎಡೆಕುಂಟೆ ಗಿಡ್ಡ ಜವಾರಿ ಎತ್ತಿಗೆ ಹಂಗೇ ಹೊಂದಲ್ಲ.

ಮೂರು ಕುಡದ ಚೌಕಟ್ಟಿಗೆ ಮುಂದೆ ಒಂದು ಸಣ್ಣ ಗಾಲಿ ಹಾಕೋದು ಅಂಗಡಿಗಳಲ್ಲಿ ಕಾಣ್ತಿದೆ. ಮಸಾರಿಯಲ್ಲಿ ಚೊಲೋ. ಎರೆಯಲ್ಲಿ ಹಸಿ ಮಣ್ಣು ಮೆತ್ತಿಕೊಂಡು ಗಾಲಿ ದಪ್ಪಗಾಗ್ತಾ ಹೋಗುತ್ತೆ, ಅದರ ಜೊತೆ ಆಳವೂ ಬದಲಾಗುತ್ತೆ. ಅಂಥ ಕಡೆ ಗಾಲಿ ಬದಲು ಜಾರೋ ಪಟ್ಟಿ ಸಾಕು, ಖರ್ಚೂ ಕಡಿಮೆ.

ಸಸಿ ಇನ್ನೂ ಗೇಣುದ್ದ ಇದ್ದಾಗ ಕುಡ ಎಬ್ಬಿಸಿದ ಹೆಂಟೆ ಬಿದ್ದು ಮುಚ್ಚಿಹೋಗುತ್ತೆ. ಸಾಲಿನ ಎರಡೂ ಪಕ್ಕ ತಗಡಿನ ಅಡ್ಡಪಟ್ಟಿ ನೇತುಹಾಕಿದ್ರೆ ಇದು ತಪ್ಪುತ್ತೆ. ಕುದುರೆಯಿಂದ ಎಳೆಯೋ ಅಮೆರಿಕದ ಎಡೆಕುಂಟೆಗಳಲ್ಲಿ ಈ ತಗಡು ಇರ್ತಿತ್ತು. ಅಲ್ಲಿನ ಪೆನ್ಸಿಲ್ವೇನಿಯಾದಲ್ಲಿ ಟ್ರ್ಯಾಕ್ಟರ್ ಬಿಟ್ಟು ಕುದುರೆ, ಹೇಸರಗತ್ತೆಯಿಂದಲೇ ಹೊಲ ಮಾಡೋ ಅಮಿಶ್ ಜನ ಇವತ್ತಿಗೂ ಇದ್ದಾರೆ. ಸವಾರಿ ಎಡೆಕುಂಟೆ ಅಂತ ಇರುತ್ತೆ, ಹೊಡೆಯೋನು ಮೇಲೆ ಕೂತು ಕುಡಗಳನ್ನ ಕಾಲಿಂದ ಆಕಡೆ ಈಕಡೆ ಸರಿಸ್ತಾನೆ. ಕುದುರೆಯ ಬಲ, ನಡಿಗೆ ಬೇರೆ, ಅದನ್ನ ಹಂಗೇ ತಂದು ಎತ್ತಿಗೆ ಕಟ್ಟೋಕಾಗಲ್ಲ. ತಗಡನ್ನ ಮಾತ್ರ ಇವತ್ತೇ ಹಾಕಿಸಬಹುದು.

ಭಾರ ಮತ್ತು ಬೆಲೆ

ಹೈದರಾಬಾದ್ ಹತ್ತಿರ ಪಟಾನ್‌ಚೆರುವಿನಲ್ಲಿ 1972ರಲ್ಲಿ ಶುರುವಾದ ಇಕ್ರಿಸ್ಯಾಟ್ ಸಂಸ್ಥೆ ಎತ್ತು ಎಳೆಯೋ ಗಾಲಿ ಚೌಕಟ್ಟೊಂದನ್ನ ಪ್ರಚಾರ ಮಾಡಿತ್ತು. ಹೆಸರು ಟ್ರಾಪಿಕಲ್ಟರ್. ಮೂಲ ವಿನ್ಯಾಸ ಫ್ರಾನ್ಸಿನ ಜೀನ್ ನೋಲ್ ಎಂಬುವರದ್ದು. ಒಂದೇ ಚೌಕಟ್ಟಿಗೆ ನೇಗಿಲು, ಕೂರಿಗೆ, ಎಡೆಕುಂಟೆ ಎಲ್ಲ ಕಟ್ಟಬಹುದು, ಗಾಡಿಯಾಗಿಯೂ ಬಳಸಬಹುದು. ಪ್ರಯೋಗದ ಹೊಲದಲ್ಲಿ ಚಂದ ಕೆಲಸ ಮಾಡ್ತಿತ್ತು. ರೈತರ ಹೊಲಕ್ಕೆ ಬಂದಾಗ ನಿಲ್ಲಲಿಲ್ಲ. ಪಾಲ್ ಸ್ಟಾರ್ಕಿ ಅನ್ನೋ ತಜ್ಞ ಬೇರೆ ಬೇರೆ ದೇಶಗಳ ಇಂಥ ಚೌಕಟ್ಟುಗಳನ್ನ ಪರಿಶೀಲಿಸಿ 1988ರಲ್ಲಿ ಪುಸ್ತಕ ಬರೆದ. ಸುಮಾರು 10,000 ಚೌಕಟ್ಟು ತಯಾರಾಗಿದ್ರೂ ರೈತರು ವರ್ಷಾನುಗಟ್ಟಲೆ ಹಲವು ಕೆಲಸಕ್ಕೆ ಬಳಸಿದ್ದು ಲೆಕ್ಕಕ್ಕೇ ಸಿಗದಷ್ಟು ಕಡಿಮೆ ಅಂತ ಅವನ ಮಾತು. ಭಾರ ಹೆಚ್ಚು, ಬೆಲೆ ಹೆಚ್ಚು, ಒಂದು ಕೆಲಸದಿಂದ ಇನ್ನೊಂದಕ್ಕೆ ಬದಲಿಸೋ ತಾಪತ್ರಯ ಬೇರೆ.

ನಮ್ಮ ಎಡೆಕುಂಟೆಯನ್ನ ಎಲ್ಲದಕ್ಕೂ ಆಗೋ ಯಂತ್ರ ಮಾಡೋಕೆ ಹೊರಟ ವೆಲ್ಡಿಂಗ್ ಅಂಗಡಿಯವರು ಇದನ್ನ ನೋಡಬೇಕು. ಬದುವಿನಲ್ಲಿ ಒಬ್ಬರೇ ಎತ್ತಿ ತಿರುಗಿಸೋಕೆ ಬರದ ಕುಂಟೆ ಮೂರನೇ ದಿನಕ್ಕೆ ದನದ ಕೊಟ್ಟಿಗೆ ಮೂಲೆ ಸೇರುತ್ತೆ. ಎತ್ತಿನ ಕಡೆಯಿಂದಲೂ ಮಿತಿ ಇದೆ. ದಿನವಿಡೀ ದುಡಿಯೋ ಎತ್ತು ತನ್ನ ಮೈ ತೂಕದ ಹತ್ತನೇ ಒಂದು ಪಾಲಿನಷ್ಟು ಬಲದಿಂದ ಮಾತ್ರ ಎಳೆಯಬಲ್ಲದು ಅನ್ನೋದು ಸಾಮಾನ್ಯ ಲೆಕ್ಕ. ಎರಡೂ ಸೇರಿ 700 ಕಿಲೋ ಇರೋ ಜೋಡಿಗೆ 70 ಕಿಲೋದಷ್ಟು ಎಳೆತ. ಮಸಾರಿಯಲ್ಲಿ ಮೂರು ಕುಡ ಎಳೆಯೋ ಜೋಡಿ, ಒಣಗಿ ಬಿಗಿದ ಎರೆಯಲ್ಲಿ ಒಂದು ಕುಡಕ್ಕೇ ತೇಕುತ್ತೆ. ಅರ್ಧ ತಾಸಿಗೇ ಎತ್ತು ಬಾಯಿ ತೆರೆದು ನಿಂತ್ರೆ ಬಾರಕೋಲು ಎತ್ತಬೇಡಿ, ಒಂದು ಕುಡ ಬಿಚ್ಚಿ.

ನೊಗ ಹೆಗಲಿಗೆ ತಾಗೋ ಜಾಗ ಕೈ ಅಗಲ ಮಾತ್ರ. ಅಲ್ಲಿ ಅಂಚು ಚೂಪಾಗಿದ್ರೆ, ಗಂಟು ಇದ್ರೆ ಹೆಗಲು ಬಾತು ಕೀವು ತುಂಬುತ್ತೆ, ಹಂಗಾಮಿನ ನಡುವೆ ಹದಿನೈದು ದಿನ ಗಳೆ ನಿಲ್ಲುತ್ತೆ. ಆ ಜಾಗವನ್ನ ಅಗಲ ಮಾಡಿ, ದುಂಡಗೆ ಹೆರೆಸಿ ನುಣುಪು ಮಾಡಿಸಿ. ಮೇಲೆ ಗೋಣಿ ಸುತ್ತೋದಾದ್ರೆ ಬೆವರು ಕುಡಿದು ಒಣಗಿದ ಗೋಣಿ ಉಜ್ಜುಕಾಗದ ಆಗಿರುತ್ತೆ, ದಿನಾ ತೊಳೀಬೇಕು. ಕಬ್ಬಿಣದ ಪೈಪಿನ ನೊಗ ಮಾಡಿಕೊಡೋರೂ ಇದ್ದಾರೆ. ಬಿಸಿಲಿಗೆ ಕಾಯುತ್ತೆ, ನನಗಂತೂ ಅದು ಸರಿ ಕಾಣಲ್ಲ. ಪೈಪೇ ಬೇಕಾದ್ರೆ ಹೆಗಲಿನ ಜಾಗಕ್ಕೆ ಕಟ್ಟಿಗೆ ಕೂಡ್ರಿಸಿ.

ಎತ್ತಿಲ್ಲದವರಿಗೆ

ಒಂದೆರಡು ಎಕರೆಯವರಿಗೆ ಸೈಕಲ್ ಎಡೆಕುಂಟೆ ಇದೆ. ಹಳೇ ಸೈಕಲ್ ಗಾಲಿ, ಹ್ಯಾಂಡಲ್, ಹಿಂದೆ ಒಂದು ಸಣ್ಣ ಕುಡ. ದೂಡೋನ ಸೊಂಟ ಗಟ್ಟಿ ಇರಬೇಕು. ಕುಡ 15 ಸೆಂ.ಮೀ.ಗಿಂತ ಅಗಲ ಬೇಡ, ಹ್ಯಾಂಡಲ್ ಸೊಂಟಕ್ಕಿಂತ ಸ್ವಲ್ಪ ಮೇಲೆ ಇರಲಿ. ಬಾಡಿಗೆ ಯಂತ್ರ ಬೇಕಾದವರಿಗೆ ಕೃಷಿ ಯಂತ್ರಧಾರೆ ಕೇಂದ್ರಗಳಿವೆ, ಆದ್ರೆ ಎಡೆ ಹೊಡೆಯೋ ವಾರದಲ್ಲಿ ಪಾಳಿ ಹಚ್ಚಬೇಕಾಗುತ್ತೆ.

ಹೊಸದು ತಗೊಳ್ಳೋರು ಮೊದಲು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಈ ವರ್ಷದ ಸಹಾಯಧನದ ಪಟ್ಟಿಯಲ್ಲಿ ಎಡೆಕುಂಟೆ ಇದೆಯಾ ಕೇಳಿ, ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಜೊತೆಗಿರಲಿ. ಮೊದಲೇ ಖರೀದಿ ಮಾಡಿ ಆಮೇಲೆ ಅರ್ಜಿ ಕೊಡೋಕೆ ಹೋಗಬೇಡಿ. ಅಳತೆ, ಬೆಳೆ ಅಂತರದ ಬಗ್ಗೆ ಸಂಶಯ ಇದ್ರೆ ರಾಣೆಬೆನ್ನೂರು ತಾಲೂಕಿನ ಹನುಮನಮಟ್ಟಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಕಂಬಾರರಲ್ಲಿ ಮಾಡಿಸೋದಾದ್ರೆ ಕಾರಹುಣ್ಣಿಮೆಗಿಂತ ಮುಂಚೆ ಹೇಳಿಬಿಡಿ. ಆಮೇಲೆ ಹೋದವರಿಗೆ ಕುಡ ಸಿಗೋ ಹೊತ್ತಿಗೆ ಕಸ ಮೊಣಕಾಲಿಗೆ ಬಂದಿರುತ್ತೆ. ಹೊಸ ಕುಂಟೆ ತಂದ ದಿನ ಪೂರ್ತಿ ದುಡ್ಡು ಕೊಡಬೇಡಿ. ಒಂದು ಸಾಲು ಹೊಡೆದು, ಹಿಂದಕ್ಕೆ ನಡೆದು ಬಂದು, ಕೊಯ್ದ ಸಸಿ ಎಷ್ಟು, ಉಳಿದ ಕಸ ಎಷ್ಟು ಎಣಿಸಿ ನೋಡಿದ ಮೇಲೆ ಬಾಕಿ ಕೊಡಿ.